ಕುದಿಸಿದರೆ ಹೋಗದ ವಿಷ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆ ನಿಮ್ಮ ತವರೋ ಅತ್ತೆಯ ಮನೆಯೋ ಇದ್ದರೆ ಕಂದು ಕಲೆಯ ಹಲ್ಲಿನ ಮಕ್ಕಳನ್ನೂ ನಡುವಯಸ್ಸಿನಲ್ಲೇ ಬೆನ್ನು ಬಿಗಿದವರನ್ನೂ ನೀವು ನೋಡಿರುತ್ತೀರಿ. ಸರಿಯಾಗಿ ಹಲ್ಲುಜ್ಜುವುದಿಲ್ಲವೆಂದು ಮಕ್ಕಳನ್ನು ಗದರುತ್ತೇವೆ. ವಯಸ್ಸಾಯಿತೆಂದು ದೊಡ್ಡವರು ಸುಮ್ಮನಾಗುತ್ತಾರೆ. ಎಷ್ಟೋ ಮನೆಗಳಲ್ಲಿ ಇದಕ್ಕೆ ಕಾರಣ ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡ್.

ಈ ಕಾಯಿಲೆಯ ಹೆಸರು ಫ್ಲೋರೋಸಿಸ್. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಭಾಗದಲ್ಲಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸಾಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಇರಬಹುದು. ಬಾವಿ ಆಳಕ್ಕೆ ಇಳಿದಂತೆ, ಕಲ್ಲಿನ ನಡುವೆ ನಿಂತ ನೀರಿನಲ್ಲಿ ಅದು ಹೆಚ್ಚಾಗಿ ಕರಗಿರುತ್ತದೆ.

ನರ್ಸ್ ಆಗಿ ನಾನು ಕಂಡ ದೊಡ್ಡ ತಪ್ಪು ತಿಳುವಳಿಕೆ ಒಂದೇ. ಮಂಡಿ ನೋವೆಂದು ಬಂದ ಶಿರಾ ಕಡೆಯ ಖಾಲಾ ಒಬ್ಬರು, "ನಾವು ನೀರು ಕಾಯಿಸಿಯೇ ಕುಡೀತೀವಿ ಸಿಸ್ಟರ್" ಎಂದರು. ಕುದಿಸಿದರೆ ರೋಗಾಣು ಸಾಯುತ್ತದೆ, ನಿಜ. ಆದರೆ ಫ್ಲೋರೈಡ್ ಹೋಗುವುದಿಲ್ಲ. "ಉಪ್ಪು ನೀರು ಕುದಿಸಿದರೆ ಉಪ್ಪು ಹೋಗುತ್ತಾ ಖಾಲಾ?" ಎಂದು ಕೇಳಿದೆ. "ಎಲ್ಲಿ ಹೋಗುತ್ತೆ? ನೀರು ಬತ್ತಿ ಇನ್ನೂ ಉಪ್ಪಾಗುತ್ತೆ" ಎಂದವರು, ಸ್ವಲ್ಪ ಯೋಚಿಸಿ, "ಹಾಗಾದರೆ ಬೇಳೆ ಬೇಯಿಸೋಕೂ ಆ ನೀರು ಬೇಡ" ಎಂದರು. ಔಷಧಿ ಚೀಟಿಯಲ್ಲಿ ಬರೆಯಲಾಗದ ಮಾತು ಅದು. ರೋಗಿಗೆ ನಾವು ಹತ್ತು ಸಲ ಹೇಳುವುದಕ್ಕಿಂತ, ತಿಳಿದದ್ದನ್ನು ಅವರ ಬಾಯಿಂದಲೇ ಒಮ್ಮೆ ಹೇಳಿಸುವುದು ಮೇಲು.

ಅನೇಕ ಮನೆಗಳಲ್ಲಿ ಶುದ್ಧ ನೀರಿನ ಘಟಕದ ಕ್ಯಾನ್ ಇರುತ್ತದೆ, ಆದರೆ ಕುಡಿಯಲು ಮಾತ್ರ. ಮುದ್ದೆ, ಅನ್ನ, ಸಾರು, ಚಹಾ ಎಲ್ಲವೂ ಕೊಳವೆಬಾವಿಯ ನೀರಿನಲ್ಲೇ. ಅಡುಗೆಗೂ ಆ ಶುದ್ಧ ನೀರನ್ನೋ, ಶುಚಿಯಾಗಿ ಹಿಡಿದಿಟ್ಟ ಮಳೆ ನೀರನ್ನೋ ಬಳಸಿ. ಬಟ್ಟೆ, ಪಾತ್ರೆಗೆ ಬಾವಿ ನೀರು ಸಾಕು. ಕಡು ಚಹಾ, ಕಪ್ಪು ಉಪ್ಪು ಕಡಿಮೆ ಮಾಡಿ. ಇವುಗಳಲ್ಲೂ ಫ್ಲೋರೈಡ್ ಇದೆ. ಹಾಲು, ಮೊಸರು, ಸೊಪ್ಪು, ನೆಲ್ಲಿಕಾಯಿ, ಸೀಬೆ ತಟ್ಟೆಯಲ್ಲಿರಲಿ.

ಮನೆಯಲ್ಲೇ ಪರೀಕ್ಷಿಸಿ ನೋಡಿ: ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಲಾಗುತ್ತದೆಯೇ? ಗದ್ದ ಎದೆಗೆ ತಾಗುತ್ತದೆಯೇ? ಎರಡೂ ಕೈಗಳನ್ನು ತಲೆಯ ಹಿಂದೆ ಇಡಲಾಗುತ್ತದೆಯೇ? ಆಗದಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಬೇಡಿ. ಅದು ಮೂತ್ರಪಿಂಡವನ್ನು ಕೆಡಿಸುತ್ತದೆ. ಕೆಟ್ಟ ಮೂತ್ರಪಿಂಡ ಫ್ಲೋರೈಡನ್ನು ಹೊರಹಾಕಲಾರದು.

ಬಿಗಿದ ಮೂಳೆ ಮತ್ತೆ ಸಡಿಲವಾಗುವುದು ಕಷ್ಟ. ಕಲೆಯಾದ ಹಲ್ಲು ಎಷ್ಟು ಉಜ್ಜಿದರೂ ಬೆಳ್ಳಗಾಗದು. ಆದರೆ ಹಲ್ಲು ರೂಪುಗೊಳ್ಳುವ ಎಂಟು ವರ್ಷದೊಳಗಿನ ಮಗು ನಿಮ್ಮ ಮನೆಯಲ್ಲಿದ್ದರೆ, ಅದರ ನಗುವನ್ನು ಉಳಿಸಲು ಇನ್ನೂ ಸಮಯವಿದೆ. ಇಂದಿನಿಂದಲೇ ಅಡುಗೆಯ ನೀರನ್ನು ಬದಲಿಸಿ.