ಮಾಜಾಳಿಯ ಗಡಿ, ದಾಬೋಲಿಮ್‌ನ ಬಾಂಬರುಗಳು

ಕಾರವಾರದಿಂದ ಉತ್ತರಕ್ಕೆ ಹೊರಟ ಪಯಣಿಗನು ಕಾಳೀ ನದಿಯನ್ನು ದಾಟಿ, ಸದಾಶಿವಗಡದ ಗುಡ್ಡವನ್ನು ಬಳಸಿ ಮುಂದುವರಿದರೆ ಮಾಜಾಳಿಯನ್ನು ತಲುಪುತ್ತಾನೆ. ಕರಾವಳಿಯ ಹೆದ್ದಾರಿಯಲ್ಲಿ ಇದೇ ಕನ್ನಡನಾಡಿನ ಕಡೆಯ ಊರು. ತೆಂಗಿನ ತೋಟಗಳು, ಬೆಸ್ತರ ಮನೆಗಳು, ಮರಳಿನ ಮೇಲೆ ಎಳೆದಿಟ್ಟ ದೋಣಿಗಳು. ಗುಡ್ಡದ ಮರೆಯಲ್ಲಿ ಎಳ್ಳು ಚೆಲ್ಲಿದಂತೆ ಕರಿಮರಳು ಹರಡಿರುವ ತೀಳಮಾತಿಯ ಪುಟ್ಟ ತೀರ. ಎಳ್ಳಿನ ಕೊಂಕಣಿ ಹೆಸರೇ ಆ ತೀರಕ್ಕೂ ಬಂದಿದೆ. ಮುಂದೆ ಪೊಳೆಂ, ಅದು ಗೋವೆಯ ನೆಲ. ಇಂದು ಬಸ್ಸಿನಲ್ಲಿ ತೂಕಡಿಸುವವನಿಗೆ ಗಡಿ ದಾಟಿದ್ದು ಅಂಗಡಿಗಳ ಫಲಕ ನೋಡಿದ ಮೇಲೆಯೇ ಅರಿವಾಗುವುದು. ಆದರೆ 1961ರ ಡಿಸೆಂಬರಿನವರೆಗೆ ಇದು ಎರಡು ರಾಷ್ಟ್ರಗಳ ನಡುವಣ ಗಡಿಯಾಗಿತ್ತು. ಆಚೆ ಪೋರ್ಚುಗೀಜರ ಆಳ್ವಿಕೆ.

ಆ ವರ್ಷದ ನವೆಂಬರಿನಲ್ಲಿ ಬಿಣಗಾದೆದುರಿನ ಅಂಜದೀವ ದ್ವೀಪದಿಂದ ಪೋರ್ಚುಗೀಜರು ಮೊದಲು ಪ್ರಯಾಣಿಕರ ಹಡಗಾದ ಸಾಬರಮತಿಯ ಮೇಲೆ, ಬಳಿಕ ಮೀನುದೋಣಿಯೊಂದರ ಮೇಲೆ ಗುಂಡು ಹಾರಿಸಿದರು. ಬೆಸ್ತನೊಬ್ಬನು ಮಡಿದನು. ಡಿಸೆಂಬರ್ 18ರಂದು ಭಾರತದ ಸೇನೆ ಗೋವೆಯನ್ನು ಹೊಕ್ಕಿತು. ಮುಖ್ಯ ಪಡೆಗಳು ಉತ್ತರದಿಂದಲೂ ಪೂರ್ವದಿಂದಲೂ ನುಗ್ಗಿದರೆ, ಶತ್ರುವಿನ ಗಮನವನ್ನು ಸೆಳೆಯಲೆಂದು 4ನೆಯ ರಜಪೂತ್ ದಳದ ಒಂದು ತುಕಡಿಯು ಮಾಜಾಳಿಯಿಂದ ಕಾಣಕೋಣದ ಮಾರ್ಗವಾಗಿ ಮಡಗಾಂವಿನತ್ತ ನಡೆಯಿತು. ದಾರಿಯಲ್ಲಿ ನೆಲಬಾಂಬುಗಳು, ಅಡ್ಡಗಟ್ಟೆಗಳು, ಕೆಡವಿದ ನಾಲ್ಕು ಸೇತುವೆಗಳು. ಅದೇ ದಿನ ಅಂಜದೀವದಲ್ಲಿ ಇಳಿದ ನೌಕಾದಳದವರಲ್ಲಿ ಏಳು ಮಂದಿ ಪ್ರಾಣತೆತ್ತರು.

ಮಾಜಾಳಿಯಿಂದ ಹಕ್ಕಿಯ ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ದೂರದ ದಾಬೋಲಿಮ್‌ನಲ್ಲಿ ಆ ಬೆಳಗ್ಗೆ ನಡೆದುದು ಬೇರೆಯ ಬಗೆಯ ಕಾಳಗ. ಪುಣೆಯಿಂದ ಹೊರಟ 12 ಕ್ಯಾನ್‌ಬೆರಾ ಬಾಂಬರುಗಳು ವಿಂಗ್ ಕಮಾಂಡರ್ ಎನ್. ಬಿ. ಮೆನನ್ನರ ನಾಯಕತ್ವದಲ್ಲಿ ಅಲ್ಲಿಯ ವಿಮಾನನಿಲ್ದಾಣದ ಮೇಲೆ ಕೆಲವೇ ನಿಮಿಷಗಳಲ್ಲಿ 63,000 ಪೌಂಡುಗಳ ಬಾಂಬುಗಳನ್ನು ಸುರಿದವು. ಅವುಗಳ ಹಿಂದೆಯೇ ವಿಂಗ್ ಕಮಾಂಡರ್ ಸುರಿಂದರ್ ಸಿಂಗರ ಎಂಟು ಬಾಂಬರುಗಳು ಬಂದವು. ಓಡುದಾರಿಯನ್ನು ಮುರಿಯಬೇಕು, ಕಟ್ಟಡಗಳನ್ನು ಉಳಿಸಬೇಕು ಎಂಬುದು ಆಜ್ಞೆ. ಕಟ್ಟಡಗಳು ಉಳಿದವು, ಅವುಗಳ ಬಳಿ ನಿಂತಿದ್ದ ಎರಡು ಪ್ರಯಾಣಿಕ ವಿಮಾನಗಳೂ ಉಳಿದವು. ಕತ್ತಲಾದ ಮೇಲೆ ನಿಲ್ದಾಣದ ಕೆಲಸಗಾರರು ಹೊಂಡಗಳನ್ನು ತರಾತುರಿಯಿಂದ ಮುಚ್ಚಿದರು. ಅಧಿಕಾರಿಗಳ ಹೆಂಡಿರುಮಕ್ಕಳನ್ನು ಹೊತ್ತ ಕಾನ್‌ಸ್ಟಲೇಷನ್ ವಿಮಾನವು 700 ಮೀಟರುಗಳಷ್ಟೇ ಉಳಿದಿದ್ದ ದಾರಿಯಲ್ಲಿ ಓಡಿ, ಸಿಡಿದ ಕಲ್ಲುಗಳಿಂದ ಮೈಯೆಲ್ಲ ತೂತಾಗಿ, ಚಕ್ರವೊಂದು ಒಡೆದಿದ್ದರೂ ಮೇಲೇರಿತು. ಇನ್ನೊಂದೂ ಅದನ್ನು ಹಿಂಬಾಲಿಸಿತು. ಎರಡೂ ಕಡಲಿನ ಮೇಲೆ ತೀರ ತಗ್ಗಿನಲ್ಲಿ ಹಾರಿ ಕರಾಚಿಯನ್ನು ಮುಟ್ಟಿದವು. ಯುದ್ಧದಲ್ಲಿ ಗುರಿ ತಪ್ಪಿದುದಕ್ಕೆ ಯಾರೂ ಮರುಗದಂತಹ ಸಂದರ್ಭಗಳು ವಿರಳ, ಇದು ಅಂತಹದೊಂದು.

ಬಾಂಬರುಗಳೆಲ್ಲ ಸುರಕ್ಷಿತವಾಗಿ ಹಿಂದಿರುಗಿದವು. ಗೋವೆಯಲ್ಲಿ ಪೋರ್ಚುಗೀಜರಿಗೆ ಎದುರಿಸಲು ಒಂದು ಯುದ್ಧವಿಮಾನವೂ ಇರಲಿಲ್ಲ. ಆದುದರಿಂದಲೇ ಆ ದಿನ ಕ್ಯಾನ್‌ಬೆರಾದ ಒಳಗಿನ ಏರ್ಪಾಡನ್ನು ಯಾರೂ ಪ್ರಶ್ನಿಸಬೇಕಾಗಿ ಬರಲಿಲ್ಲ. ಅದರಲ್ಲಿ ಇಬ್ಬರು. ಪೈಲಟನು ಮೇಲೆ, ಗಾಜಿನ ಗುಮ್ಮಟದಡಿಯಲ್ಲಿ ಕುಳಿತಿರುವನು. ದಾರಿಯನ್ನು ಲೆಕ್ಕಹಾಕುವ, ಗುರಿ ಹಿಡಿಯುವ ನ್ಯಾವಿಗೇಟರನು ಕೆಳಗೆ, ಮೂಗಿನೊಳಗಿನ ಇಕ್ಕಟ್ಟಿನಲ್ಲಿ. ಬಾಂಬು ಬಿಡುವ ವೇಳೆಗೆ ಅವನು ಹೊಟ್ಟೆಯ ಮೇಲೆ ಮಲಗಬೇಕು. ವಿಮಾನಕ್ಕೆ ಪೆಟ್ಟು ಬಿದ್ದರೆ ಪೈಲಟನನ್ನು ಆಸನಸಮೇತ ಹೊರಕ್ಕೆ ಚಿಮ್ಮಿಸುವ ಯಂತ್ರವುಂಟು. ನ್ಯಾವಿಗೇಟರನಿಗೆ ಅದಿಲ್ಲ. ಉರುಳುತ್ತಿರುವ ವಿಮಾನದಲ್ಲಿ ಅವನು ತೆವಳಿ, ಪಕ್ಕದ ಬಾಗಿಲನ್ನು ತೆರೆದು, ಪ್ಯಾರಾಚೂಟಿನೊಡನೆ ಹಾರಿಕೊಳ್ಳಬೇಕು. ಒಂದೇ ಯಂತ್ರದಲ್ಲಿ ಕೈಯಳತೆಯ ಅಂತರದಲ್ಲಿ ಕುಳಿತ ಇಬ್ಬರಿಗೆ ಎರಡು ಬಗೆಯ ಭಾಗ್ಯ! ವಿನ್ಯಾಸಗಾರರು ಇದಕ್ಕೆ ತೂಕದ, ಸ್ಥಳದ ಕಾರಣಗಳನ್ನು ಕೊಟ್ಟಾರು. ಮೂಗಿನೊಳಗೆ ಮಲಗಿದವನಿಗೆ ಅವು ಎಷ್ಟು ಸಮಾಧಾನ ತಂದಾವು?

ನಾಲ್ಕು ವರ್ಷಗಳೊಳಗೆ ಲೆಕ್ಕ ತೀರಿತು. 1965ರ ಪಾಕಿಸ್ತಾನದ ಯುದ್ಧದಲ್ಲಿ ಕ್ಯಾನ್‌ಬೆರಾಗಳು ರಾತ್ರಿಯ ಹೊತ್ತು ಗಡಿ ದಾಟಿ ದೂರದ ವಿಮಾನನೆಲೆಗಳ ಮೇಲೆ ಬಾಂಬು ಹಾಕುತ್ತಿದ್ದವು. ಸೆಪ್ಟೆಂಬರ್ 21ರಂದು ಅವುಗಳಲ್ಲೊಂದನ್ನು ಫಾಜಿಲ್ಕಾದ ಬಳಿ, 30,000 ಅಡಿಗಳಿಗೂ ಮೇಲೆ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವು ಕ್ಷಿಪಣಿಯಿಂದ ಹೊಡೆಯಿತು. ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಎಂ. ಎಂ. ಲೋವ್ ಆಸನದೊಡನೆ ಚಿಮ್ಮಿ ಬದುಕಿ ಸೆರೆಯಾದರು. ನ್ಯಾವಿಗೇಟರ್ ಫ್ಲೈಟ್ ಲೆಫ್ಟಿನೆಂಟ್ ಕೆ. ಕೆ. ಕಪೂರ್ ಮಡಿದರು.

ಕ್ಯಾನ್‌ಬೆರಾ ಆ ಬಳಿಕವೂ ನಾಲ್ಕು ದಶಕಗಳ ಕಾಲ ದುಡಿಯಿತು. 1957ರಲ್ಲಿ ವಾಯುದಳವನ್ನು ಸೇರಿದ ಈ ವಿಮಾನಕ್ಕೆ ಬೀಳ್ಕೊಡುಗೆಯಾದುದು 2007ರ ಮೇ 11ರಂದು. ಅದಕ್ಕೂ ಮುನ್ನ, 1999ರಲ್ಲಿ, ಕಾರ್ಗಿಲ್ಲಿನ ಮೇಲೆ ಚಿತ್ರ ತೆಗೆಯಹೋದ ಒಂದು ಕ್ಯಾನ್‌ಬೆರಾ ಕ್ಷಿಪಣಿ ತಗುಲಿ ಒಂದು ಎಂಜಿನ್ ಕೆಟ್ಟರೂ ಇಬ್ಬರನ್ನೂ ಶ್ರೀನಗರಕ್ಕೆ ತಂದು ಇಳಿಸಿತು.

ಅಂದು ಬಾಂಬುಗಳಿಂದ ಹೊಂಡಬಿದ್ದ ದಾಬೋಲಿಮ್ ಮುಂದೆ ಭಾರತದ ನೌಕಾದಳದ ನೆಲೆಯಾಯಿತು. ಅದೇ ಓಡುದಾರಿಯ ಮೇಲೆ 1988ರಲ್ಲಿ ಸೋವಿಯತ್ ಒಕ್ಕೂಟದಿಂದ ಟುಪೊಲೆವ್-142 ವಿಮಾನಗಳು ಬಂದಿಳಿದವು. ಬಾಂಬರಿನ ವಂಶದಲ್ಲಿ ಹುಟ್ಟಿದ ಇವುಗಳ ಕೆಲಸ ಮಾತ್ರ ಕಡಲಿನಡಿಯ ಸಬ್‌ಮರೀನುಗಳನ್ನು ಅರಸುವುದು. ಬಳಿಕ ಅರಕ್ಕೋಣಂನಿಂದ ಹಾರಾಡಿ 2017ರಲ್ಲಿ ನಿವೃತ್ತಿ ಹೊಂದಿದವು. ಅವುಗಳಲ್ಲೊಂದು 2023ರಲ್ಲಿ ಬಿಡಿಬಿಡಿಯಾಗಿ ಲಾರಿಗಳ ಮೇಲೆ ಕಾರವಾರಕ್ಕೆ ಬಂದು, ಟಾಗೋರ್ ತೀರದಲ್ಲಿ ಚಪಲ್ ಯುದ್ಧನೌಕೆಯ ನೆರೆಯಲ್ಲಿ ಮತ್ತೆ ಮೈಗೂಡಿ ನಿಂತಿದೆ. ಮಾಜಾಳಿಯನ್ನು ನೋಡಿ ಹಿಂದಿರುಗುವ ಪಯಣಿಗನು ಅಲ್ಲಿ ಇಳಿಯುವುದುಂಟು. 50 ಮೀಟರುಗಳ ರೆಕ್ಕೆಯ ನೆರಳಿನಲ್ಲಿ ಮಕ್ಕಳು ಓಡಾಡುತ್ತಾರೆ. ಹಿರಿಯರು ಜೋಡಿ ಪ್ರೊಪೆಲರುಗಳನ್ನು ಎಣಿಸುತ್ತಾರೆ. ಈ ವಿಮಾನದಲ್ಲಿ ಹತ್ತು ಜನರಿಗೂ ಮಿಕ್ಕ ಸಿಬ್ಬಂದಿ ಹಾರುತ್ತಿದ್ದರು. ಚಿಮ್ಮುವ ಆಸನ ಇದರಲ್ಲಿ ಯಾರೊಬ್ಬರಿಗೂ ಇರಲಿಲ್ಲ, ಪೈಲಟನಿಗೂ.