ಗಣಿಯೊಳಗಿನ ಬಿಸಿಲು

ರಷ್‌ಮೋರ್ ಬೆಟ್ಟದಲ್ಲಿ ಕೆತ್ತಿದ ನಾಲ್ವರು ಅಧ್ಯಕ್ಷರ ಮುಖ ನೋಡಿ ಮುಗಿಸಲು ಅರ್ಧ ಗಂಟೆ ಸಾಕಾಯಿತು. ‘ಇನ್ನೆಲ್ಲಿಗೆ ಮಾಮ?’ ಎಂದ ಅಕ್ಕನ ಮಗ. ‘ಲೀಡ್’ ಎಂದೆ. ಅಮೆರಿಕಕ್ಕೆ ಬಂದು ಆರು ವರ್ಷವಾದರೂ ಅವನು ಆ ಊರಿನ ಹೆಸರು ಕೇಳಿರಲಿಲ್ಲ.

ಸೌತ್ ಡಕೋಟದ ಬ್ಲ್ಯಾಕ್ ಹಿಲ್ಸ್‌ನ ಪೈನ್ ಕಾಡಿನಲ್ಲಿ ಏರಿ ಇಳಿದು ಹೋದರೆ, ಊರಿನ ಮಧ್ಯೆಯೇ ಸಾವಿರ ಅಡಿಗೂ ಮಿಕ್ಕ ಆಳದ ಗುಂಡಿ ಬಾಯಿ ತೆರೆದು ಕೂತಿದೆ. ಹೋಮ್‌ಸ್ಟೇಕ್ ಚಿನ್ನದ ಗಣಿ. 1876ರಲ್ಲಿ ಶುರುವಾದದ್ದು, 2002ರಲ್ಲಿ ನಿಂತಿತು. ಬಂಗಾರಪೇಟೆಯವನಾದ ನನಗೆ ಗಣಿ ಮುಚ್ಚಿದ ಊರಿನ ಮುಖ ಗೊತ್ತು. ನಮ್ಮ ಕೆಜಿಎಫ್ ಮುಚ್ಚಿದ್ದು 2001ರಲ್ಲಿ. ಅಲ್ಲಿ ಗಾಳಿ ಎದ್ದರೆ ಸೈನೈಡ್ ದಿಬ್ಬದ ಧೂಳಿಗೆ ಕಣ್ಣು ಬಿಡಲಾಗದು. ಇಲ್ಲಿ ಗುಂಡಿಯ ಅಂಚಿನಲ್ಲೇ ಸಂದರ್ಶಕರ ಕೇಂದ್ರ ಕಟ್ಟಿದ್ದಾರೆ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ.

ನಾನು ಬಂದದ್ದು ಗುಂಡಿ ನೋಡಲಿಕ್ಕಲ್ಲ. ಅದರ ತಳಕ್ಕಿಂತ ಎಷ್ಟೋ ಕೆಳಗೆ, 4,850 ಅಡಿ ಆಳದ ಒಂದು ಗವಿಯಲ್ಲಿ, ರೇ ಡೇವಿಸ್ ಎಂಬ ರಸಾಯನಶಾಸ್ತ್ರಜ್ಞ 1960ರ ದಶಕದಲ್ಲಿ ಸೂರ್ಯನನ್ನು ನೋಡಲು ಹೊರಟಿದ್ದ. ನನ್ನಂಥವರನ್ನು ಅಲ್ಲಿಗೆ ಇಳಿಸುವುದಿಲ್ಲ. ಎದುರು ಗುಡ್ಡದ ಮೇಲಿನ ಯೇಟ್ಸ್ ಶಾಫ್ಟಿನ ಗೋಪುರ ದಿಟ್ಟಿಸುತ್ತಾ, ಮನಸ್ಸನ್ನು ಕೇಜಿನಲ್ಲಿ ಇಳಿಬಿಟ್ಟೆ.

ಸೂರ್ಯನ ಒಡಲಲ್ಲಿ ಹೈಡ್ರೋಜನ್ ಬೆಂದು ಹೀಲಿಯಂ ಆಗುವಾಗ ನ್ಯೂಟ್ರಿನೋ ಎಂಬ ಕಣಗಳು ಹುಟ್ಟುತ್ತವೆ. ಅದೇ ಒಡಲಿನ ಬೆಳಕು ತಡವರಿಸಿ ಮೈಮೇಲಕ್ಕೆ ಬರಲು ಸಾವಿರಾರು ವರ್ಷ ಬೇಕು. ನ್ಯೂಟ್ರಿನೋ ಎಂಟು ನಿಮಿಷ ದಾಟುವಷ್ಟರಲ್ಲಿ ಭೂಮಿಯಲ್ಲಿರುತ್ತದೆ. ಹೆಬ್ಬೆರಳ ಉಗುರಿನಷ್ಟು ಜಾಗವನ್ನು ಸೆಕೆಂಡಿಗೆ ಸುಮಾರು 6,500 ಕೋಟಿ ನ್ಯೂಟ್ರಿನೋಗಳು ತೂರಿಹೋಗುತ್ತವೆ. ಯಾರಿಗೂ ತಗಲುವುದಿಲ್ಲ, ಯಾರನ್ನೂ ಮಾತಾಡಿಸುವುದಿಲ್ಲ. ಆಕಾಶದಿಂದ ಸುರಿಯುವ ಉಳಿದ ಕಣಗಳ ಗದ್ದಲವನ್ನು ಬಂಡೆ ತಡೆಯುತ್ತದೆ, ಇವನ್ನು ತಡೆಯುವುದಿಲ್ಲ. ಗಣಿಗೆ ಇಳಿದದ್ದು ಅದಕ್ಕೇ.

ಡೇವಿಸ್ ಹೂಡಿದ ಬಲೆ ಒಂದು ದೊಡ್ಡ ಉಕ್ಕಿನ ಟ್ಯಾಂಕು, ಅದರ ತುಂಬ ಸುಮಾರು 3,80,000 ಲೀಟರ್ ಡ್ರೈಕ್ಲೀನಿಂಗ್ ದ್ರವ. ಹೌದು, ಸೂಟು-ಸೀರೆ ತೊಳೆಯುವುದೇ. ಅದರಲ್ಲಿ ಕ್ಲೋರಿನ್ ಹೇರಳ. ಅಪರೂಪಕ್ಕೆ ಒಂದು ನ್ಯೂಟ್ರಿನೋ ಕ್ಲೋರಿನ್ ಪರಮಾಣುವಿಗೆ ತಾಗಿದರೆ ಅದು ಆರ್ಗಾನ್ ಆಗುತ್ತದೆ. ಎಷ್ಟು ಅಪರೂಪಕ್ಕೆ? ಅಷ್ಟೂ ದ್ರವದಲ್ಲಿ ಎರಡು ದಿನಕ್ಕೆ ಒಂದು ಪರಮಾಣು. ಈ ಲೆಕ್ಕ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಓಡಾಡಿದ್ದೆ. ಮರಳುಗಾಡಿನಲ್ಲಿ ಒಂದು ಕಾಳು ಹುಡುಕುವುದು ಇದರ ಮುಂದೆ ಸಲೀಸು. ಒಂದೆರಡು ತಿಂಗಳಿಗೊಮ್ಮೆ ದ್ರವದೊಳಗೆ ಹೀಲಿಯಂ ಗುಳ್ಳೆ ಎಬ್ಬಿಸಿ, ಆ ಹತ್ತಾರು ಆರ್ಗಾನ್ ಪರಮಾಣುಗಳನ್ನು ಗುಡಿಸಿ ತಂದು, ಅವು ಒಂದೊಂದಾಗಿ ಸಾಯುವ ಸದ್ದನ್ನು ಡೇವಿಸ್ ಎಣಿಸುತ್ತಿದ್ದ. ಟ್ಯಾಂಕಿನ ಸುತ್ತ ನೀರು ತುಂಬಿಸಿದ್ದರು. ಅದರಲ್ಲಿ ಆತ ಈಜುತ್ತಿರುವ 1971ರ ಫೋಟೊ ಒಂದಿದೆ: ಮುಕ್ಕಾಲು ಪಾಲು ಮನುಷ್ಯ, ಕಾಲು ಪಾಲು ಮೀನು!

ಎಣಿಕೆ ಮಾತ್ರ ಕೂಡಿಬರಲಿಲ್ಲ. ಸೂರ್ಯನಿಂದ ಎಷ್ಟು ನ್ಯೂಟ್ರಿನೋ ಸಿಗಬೇಕೆಂದು ಲೆಕ್ಕ ಹಾಕಿಕೊಟ್ಟಿದ್ದ ವಿಜ್ಞಾನಿ ಜಾನ್ ಬಾಕಾಲ್ ಹೇಳಿದ್ದರ ಮೂರರಲ್ಲೊಂದು ಪಾಲಷ್ಟೇ ಸಿಕ್ಕಿತು. ಡೇವಿಸ್‌ಗೆ ಎಣಿಸಲು ಬರುವುದಿಲ್ಲ ಎಂದರು ಕೆಲವರು, ಬಾಕಾಲ್‌ಗೆ ಸೂರ್ಯ ಅರ್ಥವಾಗಿಲ್ಲ ಎಂದರು ಇನ್ನು ಕೆಲವರು. ಡೇವಿಸ್ ಜಗಳವಾಡಲಿಲ್ಲ. ತಾನೇ 500 ಆರ್ಗಾನ್ ಪರಮಾಣುಗಳನ್ನು ಟ್ಯಾಂಕಿಗೆ ಬಿಟ್ಟು, ವಾಪಸು ಹೆಕ್ಕಿ ತೋರಿಸಿದ. ಮೂವತ್ತು ವರ್ಷ ಇಬ್ಬರೂ ತಮ್ಮ ತಮ್ಮ ಲೆಕ್ಕ ಬಿಡಲಿಲ್ಲ, ಇಬ್ಬರದೂ ಸರಿಯಿತ್ತು. ನ್ಯೂಟ್ರಿನೋಗಳು ಹಗಲುವೇಷದವರು. ಸೂರ್ಯನಿಂದ ಹೊರಡುವ ದಾರಿಯಲ್ಲೇ ಹೆಚ್ಚಿನವು ವೇಷ ಬದಲಿಸಿರುತ್ತವೆ, ಡೇವಿಸನ ಟ್ಯಾಂಕಿಗೆ ಒಂದೇ ವೇಷದ ಗುರುತು. ಕೆನಡಾದ ಸಡ್‌ಬರಿ ಗಣಿಯಲ್ಲಿ ಸಾವಿರ ಟನ್ ಭಾರಜಲ ಇಟ್ಟುಕೊಂಡವರು 2002ರಲ್ಲಿ ಮೂರೂ ವೇಷಗಳನ್ನು ಕೂಡಿಸಿ ಎಣಿಸಿದಾಗ ಬಾಕಾಲ್ ಲೆಕ್ಕ ಹೊಂದಿತು. ಅದೇ ವರ್ಷ ಡೇವಿಸ್‌ಗೆ ನೊಬೆಲ್. ಆಗ 88ರ ಪ್ರಾಯ. ಮರೆವಿನ ರೋಗ ಹಿಡಿದಿತ್ತು.

ಕಟಕಟೆಗೆ ಒರಗಿ ಇದನ್ನೆಲ್ಲ ಹೇಳಿದ ಮೇಲೆ ಅಕ್ಕನ ಮಗ ಕೇಳಿದ: ‘ನಮ್ಮ ಗಣೀಲಿ ಯಾರೂ ಹುಡುಕಲಿಲ್ವಾ ಮಾಮ?’ ಹುಡುಕಿದರು ಮಾರಾಯ. ಸೂರ್ಯನವನ್ನಲ್ಲ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ 1950ರ ದಶಕದ ಮೊದಲಿಗೇ ಕೆಜಿಎಫ್‌ನ ಸುರಂಗಗಳಿಗೆ ಉಪಕರಣ ಹೊತ್ತು ಇಳಿದಿದ್ದರು. ಮುಂದೆ ಇನ್ನೂ ಆಳಕ್ಕೆ ಹೋದಾಗ, ಎರಡು ತಿಂಗಳು ಕಾದರೂ ಉಪಕರಣ ಒಮ್ಮೆಯೂ ಮಿಡುಕಲಿಲ್ಲ. ಅಷ್ಟು ನಿಶ್ಶಬ್ದವೆಂದರೆ ನ್ಯೂಟ್ರಿನೋ ಹಿಡಿಯಲು ಇದೇ ತಾಣ ಎಂದುಕೊಂಡರು. 1965ರಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಅದು ಸಿಕ್ಕೇಬಿಟ್ಟಿತು. ಹುಡುಗ ಸುಮ್ಮನಾದ. ಅವನ ತಾತ ದುಡಿದದ್ದು ಆ ಗಣಿಯಲ್ಲೇ.

ಆ ರಾತ್ರಿ ಮೋಟೆಲಿನಲ್ಲಿ ನಿದ್ದೆ ಹತ್ತಲಿಲ್ಲ. ಜಪಾನಿನ ಕಾಮಿಯೋಕ ಗಣಿಯಲ್ಲಿ 50,000 ಟನ್ ನೀರಿನ ತೊಟ್ಟಿಯೊಂದಿದೆ. ರಾತ್ರಿ ಹೊತ್ತು ಭೂಮಿಯನ್ನೇ ತೂರಿ ಕೆಳಗಿನಿಂದ ಬಂದ ನ್ಯೂಟ್ರಿನೋಗಳನ್ನೂ ಸೇರಿಸಿ ಅದು ಸೂರ್ಯನ ಚಿತ್ರ ಬರೆದಿದೆ. ಗಂಟೆ ಹನ್ನೆರಡಾಗಿತ್ತು. ಅಕ್ಕ ಫೋನ್ ಮಾಡಿದಳು. ‘ಸಂಡಿಗೆ ಒಣಗಾಕಿದೀನಿ ಕಣೋ, ಏನ್ ಬಿಸಿಲು ಅಂತೀಯಾ. ಅಲ್ಲಿ ಹೆಂಗಿದೆ?’

‘ಇಲ್ಲೂ ಇದೆ’ ಎಂದೆ, ಮಂಚದ ಕೆಳಗಿನ ಕತ್ತಲೆ ನೋಡುತ್ತಾ. ‘ಕೆಳಗಿಂದ ಬರ್ತಿದೆ.’

‘ಮಲಕ್ಕೋ’ ಎಂದಳು ಅಕ್ಕ.