ಗಂಜಿಯ ಬಟ್ಟಲು ಮತ್ತು ರಾಜಗೀತೆ

ಹಿಂದೊಮ್ಮೆ ಮುಂಬಯಿಯ ಬಾಡಿಗೆ ಕೋಣೆಯಲ್ಲಿ ಜ್ವರದಿಂದ ಮಲಗಿದ್ದೆ. ನನ್ನ ಭಾಷೆಯರಿಯದ ನೆರೆಮನೆಯ ಆಜೀಬಾಯಿ ಹೊತ್ತುಹೊತ್ತಿಗೆ ಗಂಜಿ ತಂದಿಡುತ್ತಿದ್ದರು. ಆಗ ಓದಿದ ಟಾಲ್‌ಸ್ಟಾಯಿಯ ‘ಯುದ್ಧ ಮತ್ತು ಶಾಂತಿ’ಯಲ್ಲಿ ಒಂದು ಪ್ರಸಂಗ ಮನಸ್ಸಿನಲ್ಲಿ ನಿಂತುಬಿಟ್ಟಿತು.

1812ರ ಚಳಿಗಾಲ. ನೆಪೋಲಿಯನ್ನನ ಸೋತ ಸೈನ್ಯದ ಮೊರೆಲ್ ಎಂಬವನು ಹಸಿದು ರಷ್ಯನ್ ಸಿಪಾಯಿಗಳ ಬೆಂಕಿಯ ಬಳಿ ಸೇರುತ್ತಾನೆ. ಅವರು ಗಂಜಿ ಕೊಡುತ್ತಾರೆ. ಆತ ಹಾಡುತ್ತಾನೆ, ಭಾಷೆ ತಿಳಿಯದ ರಷ್ಯನ್ನನೊಬ್ಬ ಅದನ್ನೇ ತೊದಲಿ ಎಲ್ಲರನ್ನೂ ನಗಿಸುತ್ತಾನೆ. ಆ ಹಾಡು ಚಕ್ರವರ್ತಿಯದಲ್ಲ. ಇನ್ನೂರು ವರ್ಷಗಳ ಹಿಂದೆ ಮಡಿದ ದೊರೆ ನಾಲ್ಕನೆಯ ಆನ್ರಿಗೆ ಜಯ ಕೋರುವ ‘ವೀವ್ ಆನ್ರಿ ಕಾತ್ರ್’!

ಆನ್ರಿ 1589ರಿಂದ 1610ರವರೆಗೆ ಫ್ರಾನ್ಸನ್ನು ಆಳಿದವನು. ಮತದ್ವೇಷದಿಂದ ಬೆಂದ ನಾಡಿನಲ್ಲಿ 1598ರ ನಾಂತ್ ಶಾಸನದ ಮೂಲಕ ಪ್ರಾಟೆಸ್ಟೆಂಟರಿಗೂ ನೆಲೆ ಕೊಟ್ಟವನು. ಕೊನೆಗೆ ಮತಾಂಧನೊಬ್ಬನ ಕತ್ತಿಗೆ ಬಲಿಯಾದವನು. ಹಾಡು ಅವನನ್ನು ದೇವಾಂಶಸಂಭೂತನೆನ್ನುವುದಿಲ್ಲ. ಕುಡಿತ, ಕಾಳಗ, ಪ್ರಣಯ ಮೂರರಲ್ಲಿಯೂ ನಿಪುಣನೆಂದು ಮೆಚ್ಚಿ ನಗುತ್ತದೆ. ಹೊಗಳುಭಟರು ಕೇಳಿದರೆ ಕಿವಿ ಮುಚ್ಚಿಕೊಂಡಾರು!

ರಾಗ ಹಳೆಯದು, ಅದಕ್ಕೆ ಕೀರ್ತಿ ತಂದವನು ನಾಟಕಕಾರ ಷಾರ್ಲ್ ಕೊಲ್ಲೆ. ಅವನ ನಾಟಕದಲ್ಲಿ ಬೇಟೆಗೆ ಹೋದ ಆನ್ರಿ ದಾರಿ ತಪ್ಪಿ, ಗುರುತು ಮರೆಸಿಕೊಂಡು, ಹಿಟ್ಟಿನ ಗಿರಣಿಯವನ ಮನೆಯಲ್ಲಿ ಊಟಕ್ಕೆ ಕೂರುತ್ತಾನೆ. ಎದುರಿಗಿರುವವನೇ ದೊರೆಯೆಂದರಿಯದ ಮನೆಮಂದಿ ದೊರೆಯನ್ನು ಹಾಡಿ ಕೊಂಡಾಡುತ್ತಾರೆ. ಹದಿನೈದನೆಯ ಲೂಯಿ ಬದುಕಿರುವತನಕ ಪ್ಯಾರಿಸಿನ ಸಾರ್ವಜನಿಕ ರಂಗದಲ್ಲಿ ಈ ನಾಟಕಕ್ಕೆ ಅನುಮತಿಯಿರಲಿಲ್ಲ. 1774ರಲ್ಲಿ ಅವನು ತೀರಿಕೊಂಡ ಮೇಲೆಯೇ ಪರದೆ ಎದ್ದಿತು. ಸತ್ತ ಒಳ್ಳೆಯ ದೊರೆಯ ನೆನಪು ಆಳುವ ದೊರೆಯನ್ನು ಚುಚ್ಚದಿರುತ್ತದೆಯೆ?

ಮುಂದೆ ಕ್ರಾಂತಿಯಾಯಿತು. 1792ರಲ್ಲಿ ಪ್ಯಾರಿಸಿನ ಪಾಂ ನಫ್ ಸೇತುವೆಯ ಮೇಲಿದ್ದ ಆನ್ರಿಯ ವಿಗ್ರಹ ಉರುಳಿತು. ಮರುವರ್ಷ ಹದಿನಾರನೆಯ ಲೂಯಿಯ ತಲೆಯೂ ಉರುಳಿತು. 1814ರಲ್ಲಿ ರಾಜವಂಶ ಹಿಂತಿರುಗಿದಾಗ ಈ ಹಾಡೇ ರಾಜಗೀತೆಯ ಸ್ಥಾನಕ್ಕೇರಿತು. 1818ರಲ್ಲಿ ಸೇತುವೆಯ ಮೇಲೆ ಹೊಸ ವಿಗ್ರಹ ನಿಂತಿತು. ನೆಪೋಲಿಯನ್ನನ ವಿಗ್ರಹ ಕರಗಿಸಿದ ಕಂಚೂ ಅದರಲ್ಲಿ ಸೇರಿತ್ತು. ಆದರೆ ಪೂರ್ವಿಕನಿಂದ ಎರವಲು ತಂದ ಪ್ರೀತಿ ಎಷ್ಟು ದಿನ ಬಾಳೀತು? 1830ರಲ್ಲಿ ಮತ್ತೆ ಜನ ಬೀದಿಗಿಳಿದರು. ಹತ್ತನೆಯ ಷಾರ್ಲ್ ಸಿಂಹಾಸನ ಬಿಟ್ಟು ನಡೆದ.

ರಾಗಕ್ಕೆ ಮಾತ್ರ ಸಾವಿಲ್ಲ. 1890ರಲ್ಲಿ ಚೈಕೋವ್‌ಸ್ಕಿ ಅದನ್ನು ತನ್ನ ‘ನಿದ್ರಾಸುಂದರಿ’ ಬ್ಯಾಲೆಯ ಮುಕ್ತಾಯಕ್ಕೆ ಬಳಸಿಕೊಂಡ.

ಅದನ್ನು ಕೇಳಿದಾಗಲೆಲ್ಲ ನನ್ನ ಕಣ್ಣಮುಂದೆ ಬರುವುದು ಅರಮನೆಯಲ್ಲ. ಗಿರಣಿಯವನ ಊಟದ ಮೇಜು, ಹಿಮದ ನಡುವಿನ ಬೆಂಕಿ. ಜೊತೆಗೆ, ನಾನು ಧನ್ಯವಾದವನ್ನೂ ಸರಿಯಾಗಿ ಹೇಳಲಾರದೆ ಹೋದ ಆಜೀಬಾಯಿಯ ಆ ಗಂಜಿಯ ಬಟ್ಟಲು.